ಅಂಗಡಿ ಖಾಲಿಯಾದ ಮೇಲೆ ಕೇಳುವ ಮಾತ್ರೆ

ನಮ್ಮ ಆಯನೂರಿನ ಗಂಡಸರು ಮಂಡಿನೋವನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಿಕೊಳ್ಳುತ್ತಾರೆ. ಗ್ಯಾಸ್ಟ್ರಿಕ್ಕಿನ ಕತೆಯನ್ನಂತೂ ಕೇಳದಿದ್ದರೂ ಹೇಳುತ್ತಾರೆ. ಮೂತ್ರದ ವಿಷಯಕ್ಕೆ ಮಾತ್ರ ನನ್ನ ಮೆಡಿಕಲ್ ಶಾಪ್ ಖಾಲಿಯಾಗುವವರೆಗೆ ಕಾಯುತ್ತಾರೆ. ಒಳಗೆ ಹೆಂಗಸರಿದ್ದರೆ ಹೊರಗೆ ನಿಂತು ಮೊಬೈಲ್ ನೋಡುತ್ತಾರೆ. ಆಮೇಲೆ ಬಂದು, "ಅಣ್ಣಾ, ಉರಿಮೂತ್ರಕ್ಕೆ ಎಂತಾದ್ರೂ ಕೊಡಿ. ನಂಗಲ್ಲ, ನಮ್ಮ ತೋಟದ ಆಳಿಗೆ." ಆಳಿನ ವಯಸ್ಸೆಷ್ಟು ಅಂದರೆ ತಮ್ಮ ವಯಸ್ಸನ್ನೇ ಹೇಳುತ್ತಾರೆ.

ಎಲ್ಲ ಉರಿಯೂ ರೋಗವಲ್ಲ, ನಿಜ. ಬಿಸಿಲಲ್ಲಿ ಶುಂಠಿ ಕಳೆ ತೆಗೆದು ನೀರು ಕುಡಿಯದೇ ಮನೆಗೆ ಬಂದವನಿಗೆ ಮೂತ್ರ ಕಡುಹಳದಿಯಾಗಿ ಸ್ವಲ್ಪ ಉರಿದರೆ, "ಉಷ್ಣ ಆಗಿದೆ" ಎನ್ನುವ ಅಮ್ಮನ ಮಾತು ಸುಳ್ಳೇನಲ್ಲ. ಎಳನೀರು, ಮಜ್ಜಿಗೆ, ಬಾರ್ಲಿ ನೀರು ಕುಡಿದರೆ ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ಕುಲುಮೆಯ ಬೆಂಕಿಯ ಮುಂದೆ ದುಡಿಯುವವರಿಗೂ, ಬಿಸಿಲಲ್ಲಿ ದುಡಿಯುವವರಿಗೂ ಕಿಡ್ನಿ ಕಲ್ಲಿನ ಕಾಟ ಹೆಚ್ಚು. ನೀರೆಲ್ಲ ಬೆವರಾಗಿ ಹೋಗಿ, ಮೂತ್ರಕ್ಕೆ ಉಳಿಯುವುದು ಕಡಿಮೆ. 5 ಮಿ.ಮೀ.ಗಿಂತ ಸಣ್ಣ ಕಲ್ಲು ಬಹುಪಾಲು ತಾನಾಗಿಯೇ ಇಳಿದುಹೋಗುತ್ತದೆ. ಬಾಳೆದಿಂಡಿನ ರಸಕ್ಕೆ ಅದರ ಕೀರ್ತಿ ಸಿಗುತ್ತದೆ, ಸಿಗಲಿ. ಆದರೆ ಕಲ್ಲಿನ ನೋವಿನ ಜತೆ ಚಳಿಜ್ವರ ಬಂತೋ, ರಸ ಹಿಂಡುತ್ತ ಕೂರುವ ಹೊತ್ತಲ್ಲ ಅದು. ಅವತ್ತೇ ಆಸ್ಪತ್ರೆ ಸೇರಬೇಕು.

ನಾನು ಮಾರುವ ಸಿಟ್ರೇಟ್ ಸಿರಪ್ ಉರಿ ತಗ್ಗಿಸುತ್ತದೆ, ಸೋಂಕನ್ನು ಕೊಲ್ಲುವುದಿಲ್ಲ. ಗಂಡಸರಿಗೆ ಮೂತ್ರದ ಸೋಂಕು ಹೆಂಗಸರಷ್ಟು ಸುಲಭವಾಗಿ ತಗಲುವುದಿಲ್ಲ. ತಗಲಿತೆಂದರೆ ಹಿಂದೆ ಕಲ್ಲೋ, ಪ್ರಾಸ್ಟೇಟೋ, ಸಕ್ಕರೆ ಕಾಯಿಲೆಯೋ ಇದ್ದೀತು. "ಆಂಟಿಬಯೋಟಿಕ್ ಎರಡೇ ಎರಡು ಕೊಡಿ" ಎನ್ನುವವರು ದಿನವೂ ಬರುತ್ತಾರೆ. ಸೆಫಿಕ್ಸಿಮ್‌ನಂಥವು 2014ರಿಂದ ಎಚ್‌1 ಪಟ್ಟಿಯಲ್ಲಿವೆ. ಡಾಕ್ಟರ ಚೀಟಿ ಬೇಕು, ಡಾಕ್ಟರ ಮತ್ತು ರೋಗಿಯ ಹೆಸರನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಕಾನೂನಿನ ಮಾತು ಹಾಗಿರಲಿ, ಎರಡು ಮಾತ್ರೆ ನುಂಗಿ ಆಮೇಲೆ ಕಲ್ಚರ್‌ಗೆ ಮೂತ್ರ ಕೊಟ್ಟರೆ ಲ್ಯಾಬಿನವರ ಕೈಗೆ ಕ್ರಿಮಿಯೇ ಸಿಗದೆ ಹೋಗಬಹುದು. ಮೊದಲು ಸ್ಯಾಂಪಲ್ಲು, ಆಮೇಲೆ ಮಾತ್ರೆ. ಹಾಗೆಯೇ ಮುಂದೊಗಲು ತುರಿಸಿ ಸೀಳು ಬಿಡುತ್ತಿದೆ ಎಂದು ಹುಳುಕಡ್ಡಿಯ ಮುಲಾಮು ಕೇಳುವವರಿಗೆ ನಾನು ಮುಲಾಮಿಗಿಂತ ಮೊದಲು ರಕ್ತದ ಸಕ್ಕರೆ ನೋಡಿಸಿ ಎನ್ನುತ್ತೇನೆ. ಸಕ್ಕರೆ ಕಾಯಿಲೆ ಮೊದಲು ಕಾಣಿಸಿಕೊಳ್ಳುವುದು ಕೆಲವರಲ್ಲಿ ಅಲ್ಲೇ.

ಹಿರಿಯರದ್ದು ಬೇರೆ ಪಾಡು. ರಾತ್ರಿ ಮೂರು ನಾಲ್ಕು ಸಲ ಏಳುವುದು, ನಿಂತು ಕಾದರೂ ಧಾರೆ ಶುರುವಾಗದಿರುವುದು, ಮುಗಿಯಿತು ಅಂದುಕೊಂಡ ಮೇಲೆ ಪಂಚೆ ಒದ್ದೆಯಾಗುವುದು ಎಲ್ಲವನ್ನೂ "ವಯಸ್ಸಾಯ್ತಲ್ಲ ಮಾರಾಯ" ಎಂದು ನುಂಗಿಕೊಳ್ಳುತ್ತಾರೆ. ಪ್ರಾಸ್ಟೇಟ್ ಗ್ರಂಥಿ ಮೂತ್ರನಾಳವನ್ನೇ ಸುತ್ತಿಕೊಂಡಿದೆ. 50 ದಾಟಿದ ಮೇಲೆ ಬಹಳ ಜನರಲ್ಲಿ ಅದು ದೊಡ್ಡದಾಗುತ್ತದೆ. ಎಲ್ಲರಿಗೂ ಆಪರೇಷನ್ ಬೇಕಿಲ್ಲ, ಟ್ಯಾಮ್ಸುಲೋಸಿನ್‌ನಂಥ ಮಾತ್ರೆಯಲ್ಲೇ ಎಷ್ಟೋ ಜನ ಸುಧಾರಿಸಿದ್ದಾರೆ. ಅದೂ ಡಾಕ್ಟರು ನೋಡಿ ಬರೆದುಕೊಡಬೇಕಾದದ್ದು. ಹಾಸಿಗೆಯಿಂದ ದಡಕ್ಕನೆ ಎದ್ದರೆ ತಲೆ ತಿರುಗಿಸುವ ಮಾತ್ರೆ ಅದು.

ಇಂಥವರಿಗೆ ನಮ್ಮ ಮಳೆಗಾಲದಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ನೆಗಡಿ ಮಾತ್ರೆ! ಮೂಗು ಒಣಗಿಸುವ ಆ ಔಷಧಿ ಮೂತ್ರಚೀಲದ ಬಾಯನ್ನೂ ಬಿಗಿ ಮಾಡಿ ಪೂರ್ತಿ ಕಟ್ಟಿಸಿಬಿಡಬಹುದು. ಸಂಜೆ ಮಾತ್ರೆ ನುಂಗಿ ಬೆಳಗಿನ ಜಾವ ಹೊಟ್ಟೆ ಉಬ್ಬಿಸಿಕೊಂಡು, ಒಂದು ಹನಿಯೂ ಬಾರದೆ ಒದ್ದಾಡುತ್ತ ಶಿವಮೊಗ್ಗಕ್ಕೆ ಹೋಗಿ ಕ್ಯಾತಿಟರ್ ಹಾಕಿಸಿಕೊಂಡು ಬಂದವರನ್ನು ಕಂಡಿದ್ದೇನೆ. ಅದಕ್ಕೇ ಈಗ ಅರವತ್ತು ದಾಟಿದವರು ನೆಗಡಿಗೆ ಕೇಳಿದರೆ, ಮೂತ್ರ ಸರಿಯಾಗಿ ಹೋಗುತ್ತದಾ ಎಂದು ಎಲ್ಲರೆದುರೇ ಕೇಳುತ್ತೇನೆ. ಕೆಲವರು ಮುನಿಸಿಕೊಂಡು ಎದುರಿನ ಅಂಗಡಿಗೆ ಹೋದದ್ದೂ ಉಂಟು.

ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಸಲವಾದರೂ, ನೋವಿಲ್ಲದಿದ್ದರಂತೂ ಖಂಡಿತ, ತೋರಿಸಲೇಬೇಕು. ನೋವಿಲ್ಲದೆ ಬಂದು ತಾನಾಗಿ ನಿಂತ ರಕ್ತವೇ ಹೆಚ್ಚು ಮೋಸದ್ದು. ಮೂತ್ರಚೀಲದ ಕ್ಯಾನ್ಸರ್ ಹಾಗೇ ಶುರುವಾಗುತ್ತದೆ, ಬೀಡಿ ಸೇದುವವರಿಗೆ ಅದರ ಭಯ ಜಾಸ್ತಿ. ಇನ್ನು ಹುಡುಗರು. ಹತ್ತನೇ ಕ್ಲಾಸಿನ ಹುಡುಗ ನಡುರಾತ್ರಿ ಬೀಜದ ನೋವೆಂದು ಎದ್ದು, ವಾಂತಿ ಮಾಡಿ, ನಾಚಿಕೆಗೆ ಅಮ್ಮನಿಗೆ ಹೊಟ್ಟೆನೋವು ಅನ್ನುತ್ತಾನೆ. ಬೀಜ ತಿರುಚಿಕೊಂಡಿದ್ದರೆ ಉಳಿಸಿಕೊಳ್ಳಲು ಇರುವುದು ಸುಮಾರು 6 ತಾಸು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸಾಗರ ರಸ್ತೆಯ ಮೇಲೇ ಇದೆ, ನಮ್ಮೂರಿಂದ ಒಂದು ತಾಸೂ ಬೇಡ. ಉಳಿದ ಐದು ತಾಸನ್ನು ತಿನ್ನುವುದು ನಾಚಿಕೆ.

ಈ ನಾಚಿಕೆಯನ್ನೇ ನಂಬಿಕೊಂಡು ಬದುಕುವವರೂ ಇದ್ದಾರೆ. "ಧಾತು ಹೋಗುತ್ತಿದೆಯೇ?" ಎಂಬ ಪೋಸ್ಟರನ್ನು ಶೌಚಾಲಯದ ಗೋಡೆಗೆ ಅಂಟಿಸುವ ಜನ. ಮೂತ್ರದಲ್ಲಿ ವೀರ್ಯ ಸೋರಿಹೋಗುತ್ತದೆಂಬ ಆ ಹೆದರಿಕೆಯನ್ನು ಡಾ. ಎನ್.ಎನ್. ವಿಗ್ 1960ರಲ್ಲೇ ಮನೋವೈದ್ಯದ ವಿಷಯವೆಂದು ಗುರುತಿಸಿ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಪೋಸ್ಟರು ಮಾತ್ರ ಇನ್ನೂ ಹರಿದಿಲ್ಲ.

ಸರ್ಕಾರದ ಮೇಲೂ ನನ್ನದೊಂದು ದೂರಿದೆ. 30 ದಾಟಿದವರಿಗೆ ಬಿ.ಪಿ., ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ನಡೆಯುತ್ತದೆ, ಒಳ್ಳೆಯದೇ. ಆದರೆ ಊರಿನ ಆಶಾ ಕಾರ್ಯಕರ್ತೆಗೆ ಸೊಸೆಯ ಮುಟ್ಟಿನ ದಿನ ಗೊತ್ತು, ಮಾವನಿಗೆ ಮೂತ್ರ ಕಟ್ಟುವುದು ಗೊತ್ತಿಲ್ಲ. ಹೇಳು ಎಂದರೂ ಆತ ಅವಳಿಗೆ ಹೇಳುವವನಲ್ಲ. ಹಾಗಾಗಿ ಬಿ.ಪಿ. ನೋಡಿಸಿಕೊಳ್ಳಲು ಬಂದ ಗಂಡಸಿಗೆ ಆಸ್ಪತ್ರೆಯ ಪುರುಷ ಸಿಬ್ಬಂದಿಯೇ ಮೂರು ಮಾತು ಕೇಳಲಿ. ರಾತ್ರಿ ಎಷ್ಟು ಸಲ ಏಳುತ್ತೀರಿ, ಧಾರೆ ಸಣ್ಣಗಾಗಿದೆಯಾ, ರಕ್ತ ಕಂಡಿದ್ದೀರಾ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವಷ್ಟರಲ್ಲಿ ಕೇಳಿ ಮುಗಿಸಬಹುದು.