ತೋಡು ತೋಡಿಸಿದ ರಾಣಿ

ಅರಸೊತ್ತಿಗೆಯ ಬಲವನ್ನು ಅದು ಬಿಟ್ಟುಹೋದ ಕಲ್ಲಿನಿಂದ ಅಳೆಯಬಹುದೇ? ಮಧ್ಯ ಅಮೆರಿಕದ ಮಾಯಾ ನಾಗರಿಕತೆಯನ್ನು ಓದುವ ವಿದ್ವಾಂಸರ ನಡುವೆ ಇದೊಂದು ಹಳೆಯ ಜಗಳ. ಮಾಯಾ ನಗರವಾದ ಟಿಕಾಲ್‌ನ ಪಿರಮಿಡ್ಡುಗಳನ್ನು ಕಂಡವರಿಗೆ ಅಲ್ಲೊಂದು ದೊಡ್ಡ ಸಾಮ್ರಾಜ್ಯವೇ ಇತ್ತು ಅನ್ನಿಸುವುದು ಸಹಜ. ಆದರೆ 1958ರಲ್ಲಿ ಹೈನ್ರಿಚ್ ಬರ್ಲಿನ್ ಒಂದೊಂದು ಊರಿನ ಶಾಸನದಲ್ಲೂ ಬೇರೆ ಬೇರೆ ಲಾಂಛನಾಕ್ಷರಗಳನ್ನು ಗುರುತಿಸಿದರು. ಅಲ್ಲಿದ್ದವರು ಹತ್ತಾರು ಅರಸರು. ಕೆಲವರ ಕೈ ಮಾತ್ರ ಮೇಲು.

ಮಂಗಳೂರಿನ ತೊಡಕು ಬೇರೆ. ಹಲ್ಮಿಡಿ ಶಾಸನದಿಂದ ಹಿಡಿದು 14ನೆಯ ಶತಮಾನದವರೆಗೂ ಇಲ್ಲಿ ಆಳಿದ ಆಳುಪರ ಹೆಸರು ಕೇಳಿಬರುತ್ತದೆ. ಮಂಗಳೂರು, ಉದ್ಯಾವರ, ಬಾರಕೂರು ಅವರ ರಾಜಧಾನಿಗಳು. ಅವರ ಅರಮನೆ ಮಾತ್ರ ಒಂದೂ ನಿಂತಿಲ್ಲ. ಮಣ್ಣು, ಮರ, ಮುಳಿಹುಲ್ಲು ಈ ಕರಾವಳಿಯ ಮಳೆಗೆ ಎಷ್ಟು ಕಾಲ ತಾಳಿಯಾವು? ಉಳಿದದ್ದು ಕದ್ರಿಯ ಕಂಚಿನ ಲೋಕೇಶ್ವರ: ಮೂರು ಮುಖ, ಆರು ಕೈ. ಆಳುಪ ಅರಸ ಕುಂದವರ್ಮ ಅದನ್ನು 968ರಲ್ಲಿ ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಅರಸನ ಹೊಗಳಿಕೆಗೆ ಅಲ್ಲಿ ಕೊರತೆಯಿಲ್ಲ. ಕಂದಾಯ ಎತ್ತಿದವರಾರು, ವ್ಯಾಜ್ಯ ತೀರಿಸಿದವರಾರು ಎಂಬ ಸುದ್ದಿಯಿಲ್ಲ. ಉದ್ಯಾವರದ ವೀರಗಲ್ಲುಗಳು ಇನ್ನಷ್ಟು ಬಾಯಿಬಿಡುತ್ತವೆ. ಆಳುಪ ಕುಲದ ರಣಸಾಗರ, ಶ್ವೇತವಾಹನರು ಊರಿಗಾಗಿ ಕಾದಾಡಿದರು. ಕಲ್ಲು ನೆಟ್ಟದ್ದು ಅವರಿಗಾಗಿ ಸತ್ತ ಆಳುಗಳಿಗೆ.

ಆಳುಪರು ಮರೆಯಾದ ಬಹುಕಾಲದ ಮೇಲೆ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿ ಅಬ್ಬಕ್ಕನನ್ನು ಕಾಣಲು ಮಣೇಲು ಎಂಬ ಊರಿಗೆ ಹೋದ. ಆಕೆ ಸಿಂಹಾಸನದ ಮೇಲಿರಲಿಲ್ಲ. ಕೆಲಸದಾಳುಗಳಿಂದ ತೋಡು, ಅಂದರೆ ನೀರಿನ ಕಾಲುವೆ, ತೋಡಿಸುತ್ತಿದ್ದಳು. ಬರಿಗಾಲು, ಉಳಿದ ಹೆಂಗಸರಂಥದೇ ಉಡುಗೆ, ಬಿಸಿಲಿಗೆ ಓಲೆಯ ಕೊಡೆ. ಅಡುಗೆಯವಳೆಂದರೂ ನಡೆದೀತು ಎಂಬರ್ಥದಲ್ಲಿ ಅವನು ಬರೆದಿಟ್ಟ. (ಅವನ ಕಣ್ಣಿಗೆ ಕಿರೀಟವೇ ಬೇಕಿತ್ತು.) ನನಗಂತೂ ತುಳುನಾಡಿನ ಅರಸೊತ್ತಿಗೆ ಕಂಚಿನ ಪೀಠಕ್ಕಿಂತ ಆ ತೋಡಿನ ಬದಿಯಲ್ಲೇ ಚೆನ್ನಾಗಿ ಕಾಣುತ್ತದೆ. ನೀರು ಯಾರ ಬೈಲಿಗೆ ಮೊದಲು ಹರಿಯಬೇಕೆಂದು ತೀರ್ಮಾನಿಸುವವರ ಮಾತನ್ನು ಮೀರುವುದು ಸುಲಭವಲ್ಲ.

ಹಾಗೆಂದು ಇಂದಿನ ಭೂತಾರಾಧನೆಯ ನೇಮದಲ್ಲಿ ಊರಿನ ಹಿರಿಯ ಮನೆತನಗಳಾದ ಗುತ್ತಿನ ಮನೆಗಳಿಗೆ ಸಲ್ಲುವ ಮರ್ಯಾದೆಯನ್ನೇ ಹಿಡಿದು ಕುಂದವರ್ಮನ ಕಾಲಕ್ಕೆ ಏಣಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ನಡುವೆ ವಿಜಯನಗರದ ರಾಜ್ಯಪಾಲರು, ಕೆಳದಿಯವರು, ಟಿಪ್ಪು, ಕಂಪನಿ ಸರಕಾರದ ಕಂದಾಯ ಎಲ್ಲವೂ ಆಗಿಹೋಗಿವೆ. ಬಾಯಿಮಾತಿನ ಪರಂಪರೆ ದಾರಿ ತೋರಿಸೀತು, ಇಸವಿ ಹೇಳದು.

ಮತ್ತೆ ಮಾಯಾ ನಾಡಿಗೆ ಬಂದರೆ, ಗ್ವಾಟೆಮಾಲದ ಕಾಡಿನ ಮೇಲೆ ವಿಮಾನದಿಂದ ಲೇಸರ್ ಹಾಯಿಸಿ ನಡೆಸಿದ ಸಮೀಕ್ಷೆಯ ಫಲಿತಾಂಶ 2018ರಲ್ಲಿ ಹೊರಬಂತು. ಅರವತ್ತು ಸಾವಿರಕ್ಕೂ ಹೆಚ್ಚು ಕಟ್ಟಡಗಳ ಗುರುತಿನ ಜೊತೆಗೆ ಕಾಲುವೆ, ಮೆಟ್ಟಿಲುಗದ್ದೆ, ಎತ್ತರಿಸಿದ ರಸ್ತೆಗಳೂ ಕಂಡವು. ಈಗ ಮಾಯಾ ಅರಸರ ಬಲವನ್ನು ಲೆಕ್ಕ ಹಾಕುವವರು ಅವನ್ನೂ ಸೇರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಶಾಸನ ಓದಿದವರು, ದೇವಸ್ಥಾನ ಅಳೆದವರು ಸಾಕಷ್ಟಿದ್ದಾರೆ. ಮಣೇಲು, ಉದ್ಯಾವರ, ಬಾರಕೂರುಗಳ ಹಳೆಯ ತೋಡು, ಕಟ್ಟ, ಕೆರೆಗಳನ್ನೂ ಅಷ್ಟೇ ಶ್ರದ್ಧೆಯಿಂದ ನಕ್ಷೆಗೆ ಇಳಿಸಬೇಕು, ಅದೂ ಬೈಲುಗಳೆಲ್ಲ ಲೇಔಟುಗಳಾಗುವ ಮೊದಲು.