ಮೋಡ ಕವಿದರೆ ಕ್ಲೌಡ್ ಕಾಣುವುದಿಲ್ಲ

ಶಿವಮೊಗ್ಗ ಜಿಲ್ಲೆಯ ಅಡಿಕೆ ಮಂಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕಸುಬು. ಹೋದ ತಿಂಗಳು ವರ್ತಕರು ಸೇರಿದ್ದ ಕಡೆ ಎರಡೇ ಮಾತು ಹೇಳಿದ್ದೆ. ಒಂದೇ ಸೂರಿನಡಿ ಎಂಟು-ಹತ್ತು ಜನ ಲೆಕ್ಕ ಬರೆಯುವ ವ್ಯಾಪಾರಕ್ಕೆ ಲೆಕ್ಕದ ತಂತ್ರಾಂಶ ಟ್ಯಾಲಿ ಓಡುವ ಸರ್ವರ್ ಅದೇ ಸೂರಿನಡಿ ಇರಲಿ. ಅದರ ಒಂದು ನಕಲು ದಿನಾ ರಾತ್ರಿ ಊರಾಚೆ ಹೋಗಲಿ. ಇಷ್ಟಕ್ಕೇ ಕ್ಲೌಡ್ ಮಾರುವ ಒಬ್ಬರು, ಅವರ ಸ್ಥಳೀಯ ಏಜೆಂಟು, ಬೆಂಗಳೂರಿನಿಂದ ರಜೆಗೆ ಬಂದಿದ್ದ ಒಬ್ಬ ವರ್ತಕರ ಮಗ, ಮೂವರೂ ಸೇರಿ ನನ್ನನ್ನು ಶಿಲಾಯುಗಕ್ಕೆ ಕಳಿಸಿಬಿಟ್ಟರು. ಕಾಫಿ ಬಂದದ್ದರಿಂದ ನನ್ನ ಉತ್ತರ ಅಲ್ಲಿಗೇ ನಿಂತಿತು. ಈಗ ಅವರ ವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ತೀರ್ಪು ಓದುಗರದ್ದು.

ಮೊದಲನೆಯ ವಾದ, ಕ್ಲೌಡ್ ಅಗ್ಗ: ಬಂಡವಾಳ ಹಾಕಬೇಕಿಲ್ಲ, ಬಳಸಿದಷ್ಟಕ್ಕೆ ದುಡ್ಡು ಕೊಟ್ಟರೆ ಸಾಕು. ಬಳಸಿದಷ್ಟಕ್ಕೆ ಎಂದವರೇ ಕೈಗೆ ಕೊಟ್ಟ ಕಾಗದದಲ್ಲಿ ಇದ್ದದ್ದು ವರ್ಷದ ಪ್ಲಾನು, ಹಣ ಮುಂಗಡ. ಭಾನುವಾರ ಮಂಡಿ ಮುಚ್ಚಿದ್ದರೂ ಬಾಡಿಗೆ ಓಡುತ್ತದೆ. ಲೆಕ್ಕ ಹಾಕಿಯೇ ನೋಡೋಣ. ತಲೆಗೆ ತಿಂಗಳಿಗೆ 700 ರೂಪಾಯಿಯಂತೆ ಎಂಟು ಜನಕ್ಕೆ ವರ್ಷಕ್ಕೆ 67,200, ಐದು ವರ್ಷಕ್ಕೆ 3,36,000. ಇನ್ನು ನಮ್ಮದು: ಸಾಧಾರಣ ಸರ್ವರ್‌ಗೆ 90,000, ಯುಪಿಎಸ್‌ಗೆ 30,000, ನಡುವೆ ಒಮ್ಮೆ ಬ್ಯಾಟರಿ ಬದಲಿಸಲು 15,000, ಎರಡು ಬ್ಯಾಕಪ್ ಡಿಸ್ಕಿಗೆ 12,000. ನೂರು ವ್ಯಾಟ್ ಎಳೆಯುವ ಯಂತ್ರ ಹಗಲೂ ರಾತ್ರಿ ಓಡಿದರೆ ವರ್ಷಕ್ಕೆ 876 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ಐದು ವರ್ಷಕ್ಕೆ ಸುಮಾರು 35,000. ನನ್ನಂಥವನ ಓಡಾಟಕ್ಕೆ 60,000. ಊರಾಚೆಯ ನಕಲಿಗೆ ತಿಂಗಳಿಗೆ 500ರಂತೆ 30,000. ಎಲ್ಲ ಕೂಡಿದರೆ 2,72,000. ವ್ಯತ್ಯಾಸ 64,000 ಮಾತ್ರ, ಭಾರೀ ಏನಲ್ಲ. ಭಾರೀ ಎಂದು ನಾನು ಹೇಳಿಯೂ ಇರಲಿಲ್ಲ. ಆದರೆ ‘ಅರ್ಧಕ್ಕರ್ಧ ಉಳಿತಾಯ’ ಎಂದವರು ಅವರು. ಆ ಅರ್ಧ ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಲಿ. ಆರನೆಯ ವರ್ಷ ನಮ್ಮ ಯಂತ್ರ ಸುಮ್ಮನೆ ಓಡುತ್ತಿರುತ್ತದೆ; ಅವರದಕ್ಕೆ ಆರನೆಯ ವರ್ಷದ ಬಿಲ್ಲು ಬರುತ್ತದೆ, ದರ ಎಷ್ಟೆಂದು ಇವತ್ತು ಅವರೂ ಹೇಳಲಾರರು.

ಎರಡನೆಯದು ಅವರ ಬ್ರಹ್ಮಾಸ್ತ್ರ: ಕ್ಲೌಡ್ ನಿಲ್ಲುವುದೇ ಇಲ್ಲ, 99.99 ಪರ್ಸೆಂಟ್. ಈ ಅಂಕಿ ಎಲ್ಲಿಂದ ಬಂತು? ಒಂದೇ ಪ್ರದೇಶದ ಎರಡು ಬೇರೆ ಬೇರೆ ವಲಯಗಳಲ್ಲಿ ಸರ್ವರ್ ಇಟ್ಟವರಿಗೆ ಅಮೆಜಾನ್ ಕೊಡುವ ಮಾತು ಅದು. ಒಂದೇ ಸರ್ವರ್ ಬಾಡಿಗೆಗೆ ಪಡೆದವನಿಗೆ ಅದೇ ಅಮೆಜಾನ್ ಕೊಡುವ ಮಾತು 99.5. ಅಂದರೆ ತಿಂಗಳಿಗೆ ಮೂರೂವರೆ ಗಂಟೆ ನಿಂತರೂ ಅವರು ಮಾತಿಗೆ ತಪ್ಪಿದಂತಲ್ಲ. ತಪ್ಪಿದರೂ ಪರಿಹಾರ ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಸೋಡಿ, ಅಷ್ಟೇ. ನಮ್ಮ ಮೂವರು ಮಾರುತ್ತಿರುವುದು ಒಂದು ಸರ್ವರ್. ಹೇಳುತ್ತಿರುವುದು ಎರಡರ ಅಂಕಿ. ಇದನ್ನು ಕೇಳಿದರೆ ‘ಬೇಕಾದರೆ ಎರಡು ತಗೊಳ್ಳಿ’ ಎನ್ನುತ್ತಾರೆ. ಹಾಗಾದರೆ ಮೊದಲ ವಾದದ ‘ಅಗ್ಗ’ ಎಲ್ಲಿ ಹೋಯಿತು? ಅಗ್ಗ ಬೇಕೆಂದರೆ ಒಂದು, ಗಟ್ಟಿ ಬೇಕೆಂದರೆ ಎರಡು. ಬೆಲೆ ಹೇಳುವಾಗ ಮೊದಲನೆಯದು, ಗುಣ ಹೇಳುವಾಗ ಎರಡನೆಯದು.

ಅದೂ ಇರಲಿ. ಆ 99.99 ಅಳೆಯುವುದು ಅವರ ಸರ್ವರ್ ಇರುವ ಮುಂಬೈಯ ಡೇಟಾ ಸೆಂಟರಿನ ಬಾಗಿಲ ತನಕ. ನಮ್ಮ ಗಲ್ಲಾ ಇರುವುದು ಸಾಗರದಲ್ಲಿ. ನಡುವಿನ ದಾರಿಯಲ್ಲಿ ಮಲೆನಾಡಿನ ಮಳೆಗಾಲ ಇದೆ. ಹೋದ ಜುಲೈನ ಒಂದು ಮಧ್ಯಾಹ್ನದ ಕತೆ ಹೇಳುತ್ತೇನೆ. ಗಾಳಿಗೆ ರಸ್ತೆ ಬದಿಯ ಅಕೇಶಿಯಾ ಉರುಳಿ ಲೈನ್ ಕಂಬವನ್ನೂ ಫೈಬರನ್ನೂ ಒಟ್ಟಿಗೆ ಎಳೆದುಕೊಂಡು ಬಿತ್ತು. ಕರೆಂಟ್ ಹೋಯಿತು, ಟವರಿನ ಬ್ಯಾಟರಿ ಇಳಿದು ಸ್ವಲ್ಪ ಹೊತ್ತಿಗೆ ಮೊಬೈಲೂ ಸತ್ತಿತು. ಒಂದೇ ಬೀದಿಯಲ್ಲಿ ಎರಡು ಮಂಡಿ. ಒಂದರಲ್ಲಿ ಜನರೇಟರ್ ಗುಡುಗುಡು ಎನ್ನುತ್ತಿತ್ತು, ಮೂಲೆಯ ಸರ್ವರ್‌ನ ಹಸಿರು ದೀಪ ಮಿಟುಕುತ್ತಿತ್ತು, ಗುಮಾಸ್ತ ರಾಶಿಯ ತೂಕ ಕೂಗಿದಂತೆ ಇನ್ನೊಬ್ಬ ಪಟ್ಟಿ ಹೊಡೆಯುತ್ತಿದ್ದ. ಎದುರಿನದು ಆರು ತಿಂಗಳ ಹಿಂದೆ ಕ್ಲೌಡ್‌ಗೆ ಹೋದ ಮಂಡಿ. ಅಲ್ಲೂ ಜನರೇಟರ್ ಇತ್ತು, ಎಂಟೂ ಕಂಪ್ಯೂಟರ್ ಉರಿಯುತ್ತಿದ್ದವು, ಎಂಟರಲ್ಲೂ ‘ಸಂಪರ್ಕ ಸಿಗುತ್ತಿಲ್ಲ’ ಎಂಬ ಒಂದೇ ಸಾಲು. ಯಜಮಾನರು ಕಪಾಟಿನಿಂದ ಕಾರ್ಬನ್ ಹಾಳೆ ಹುಡುಕಿಸುತ್ತಿದ್ದರು. ಚೀಲ ಇಳಿಸಿ ದುಡ್ಡಿಗೆ ಕಾದು ಕೂತ ರೈತನಿಗೆ ಆ ಹೊತ್ತು ಮುಂಬೈಯಲ್ಲಿ ಸರ್ವರ್ ಕ್ಷೇಮವಾಗಿದೆ ಎಂದು ಹೇಳಿ ಸಮಾಧಾನ ಮಾಡುವ ಧೈರ್ಯ ನನಗಿರಲಿಲ್ಲ. ಮೂವರಲ್ಲಿ ಯಾರಿಗಾದರೂ ಇದ್ದರೆ ಮುಂದಿನ ಮಳೆಗಾಲಕ್ಕೆ ಬರಲಿ. ಫೈಬರ್ ಸರಿಯಾದದ್ದು ಮರುದಿನ ಸಂಜೆ.

ಮೂರನೆಯದು: ನಿನ್ನ ಡಿಸ್ಕ್ ಸಾಯುತ್ತದೆ, ಕ್ಲೌಡಿನಲ್ಲಿ ಡೇಟಾ ತಾನಾಗಿಯೇ ಭದ್ರ. ಮೊದಲರ್ಧ ನಿಜ, ಅದರ ಪೆಟ್ಟು ನಾನೂ ತಿಂದವನೇ. ವರ್ಷಗಳ ಹಿಂದೆ ಒಂದು ಮಂಡಿಯ ಡಿಸ್ಕ್ ಕೈಕೊಟ್ಟಾಗ, ನಾನೇ ಹೊಂದಿಸಿಕೊಟ್ಟಿದ್ದ ಬ್ಯಾಕಪ್ ಡ್ರೈವ್ ಮೂರು ತಿಂಗಳ ಹಿಂದೆಯೇ ತುಂಬಿ ನಿಂತಿದ್ದು ಗೊತ್ತಾಯಿತು. ಗುಮಾಸ್ತ ದಿನಾ ಡ್ರೈವ್ ಚುಚ್ಚುತ್ತಿದ್ದ, ತೆಗೆಯುತ್ತಿದ್ದ. ಒಳಗೆ ಏನೂ ಬೀಳುತ್ತಿರಲಿಲ್ಲ. ಪಟ್ಟಿ ಪುಸ್ತಕ ಹಿಡಿದು ಹನ್ನೊಂದು ದಿನ ಕೂತು ಎಲ್ಲ ಮತ್ತೆ ಹೊಡೆದೆವು. ತಪ್ಪು ನನ್ನದು: ನಕಲು ತೆಗೆಯುವುದನ್ನು ಕಲಿಸಿದ್ದೆ, ಅದನ್ನು ಬಿಚ್ಚಿ ನೋಡಿರಲಿಲ್ಲ. ಇದರಿಂದ ಬರುವ ಪಾಠ ನಕಲನ್ನು ಪರೀಕ್ಷಿಸು ಎಂಬುದೇ ಹೊರತು ಯಂತ್ರವನ್ನು ಮುಂಬೈಗೆ ಕಳಿಸು ಎಂಬುದಲ್ಲ. ಏಕೆಂದರೆ ಅಲ್ಲಿಯೂ ಡಿಸ್ಕೇ ಇರುವುದು.

ಎರಡನೆಯರ್ಧಕ್ಕೆ ಫ್ರಾನ್ಸಿನ ಒವಿಎಚ್ ಕಂಪನಿಯನ್ನು ಕೇಳಬೇಕು. 2021ರ ಮಾರ್ಚ್ 10ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಅದರ ಒಂದು ಡೇಟಾ ಸೆಂಟರ್ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್‌ಗೆ ಬೇರೆ ದುಡ್ಡು ಕೊಟ್ಟಿದ್ದ ಗ್ರಾಹಕರೊಬ್ಬರಿಗೆ, ಆ ಬ್ಯಾಕಪ್ಪೂ ಅದೇ ಕಟ್ಟಡದಲ್ಲಿತ್ತು ಎಂದು ಬೂದಿಯಾದ ಮೇಲೆ ತಿಳಿಯಿತು. ಕೋರ್ಟಿಗೆ ಹೋಗಿ 2023ರಲ್ಲಿ ಪರಿಹಾರದ ಆದೇಶ ಪಡೆದರು. ಸಣ್ಣ ಕಂಪನಿ ಎನ್ನುತ್ತೀರಾ? 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಖಾಸಗಿ ಕ್ಲೌಡನ್ನು ಗೂಗಲ್ ತಪ್ಪಿ ಅಳಿಸಿಹಾಕಿತು. ಎರಡು ಕಡೆ ಇಟ್ಟಿದ್ದ ಪ್ರತಿ ಎರಡೂ ಹೋದವು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಆ ನಿಧಿ ಚೇತರಿಸಿಕೊಳ್ಳಲು ನೆರವಾದದ್ದು ಬೇರೊಂದು ಕಂಪನಿಯಲ್ಲಿ ಇಟ್ಟಿದ್ದ ನಕಲು. ಗೂಗಲನ್ನು ನಂಬಿದವರಿಗೂ ಗೂಗಲಿನ ಹೊರಗಿದ್ದ ಪ್ರತಿ ಬೇಕಾಯಿತು. ನಾನು ಅಂದು ಹೇಳಿದ್ದೂ ಅದೇ ಅಲ್ಲವೇ, ಒಂದು ನಕಲು ಬೇರೆ ಕಡೆ ಇರಲಿ ಎಂದು? ‘ತಾನಾಗಿಯೇ’ ಎಂಬ ಪದ ಯಾವ ಕ್ಲೌಡ್ ಕಂಪನಿಯ ಕರಾರಿನಲ್ಲಿದೆ ಎಂದು ಏಜೆಂಟರನ್ನು ಕೇಳಿದೆ. ಅವರು ಫೋನ್ ಬಂತೆಂದು ಎದ್ದು ಹೋದರು.

ನಾಲ್ಕನೆಯದು ರಾನ್ಸಮ್‌ವೇರ್ ಭಯ: ಮನೆಯ ಸರ್ವರ್‌ಗೆ ವೈರಸ್ ಹೊಕ್ಕು ಎಲ್ಲಕ್ಕೂ ಬೀಗ ಹಾಕಿಬಿಡುತ್ತದೆ. ಹಾಕುತ್ತದೆ, ಒಪ್ಪಿದೆ. 2017ರ ಮೇ 12ರಂದು ವನ್ನಾಕ್ರೈ ಜಗತ್ತನ್ನೇ ನಡುಗಿಸಿದಾಗ ಅದರ ಮದ್ದನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಾಗಿತ್ತು. ಹೊಡೆತ ತಿಂದದ್ದು ಅದನ್ನು ಹಾಕಿಕೊಳ್ಳದ ಯಂತ್ರ; ಯಂತ್ರ ಯಾವ ಊರಿನಲ್ಲಿದೆ ಎಂದು ವೈರಸ್ ವಿಳಾಸ ಕೇಳಲಿಲ್ಲ. ಇನ್ನು ಇವರು ಮಾರುವ ‘ಟ್ಯಾಲಿ ಆನ್ ಕ್ಲೌಡ್’ ಎಂದರೇನು? ದೂರದ ಒಂದು ವಿಂಡೋಸ್ ಯಂತ್ರ, ಅದಕ್ಕೆ ಇಂಟರ್ನೆಟ್ಟಿನ ಮೂಲಕ ಲಾಗಿನ್. ನಮ್ಮ ಸರ್ವರ್‌ಗೆ ಬಾಗಿಲು ಒಳಗಿನ ಎಂಟು ಕಂಪ್ಯೂಟರ್‌ಗಳಿಗಷ್ಟೇ ತೆರೆದಿದೆ, ಅವರದಕ್ಕೆ ಬೀದಿಗೆ. ಬೀಗ ಗಟ್ಟಿ ಹಾಕಬಹುದು, ಹಾಕುವವರೂ ಇದ್ದಾರೆ. ಆದರೆ ನಾನು ನೋಡಿದ ಎದುರು ಮಂಡಿಯಲ್ಲಿ ಎಂಟು ಜನಕ್ಕೂ ಒಂದೇ ಪಾಸ್‌ವರ್ಡ್, ಅದೂ ಯಜಮಾನರ ಮೊಮ್ಮಗಳ ಹೆಸರು. ಕೋಡ್ ಸ್ಪೇಸಸ್ ಎಂಬ ಕಂಪನಿ 2014ರಲ್ಲಿ ಬಾಗಿಲು ಹಾಕಿದ್ದು ಡಿಸ್ಕ್ ಸತ್ತದ್ದರಿಂದಲ್ಲ: ಅಮೆಜಾನಿನ ಖಾತೆಯ ಕೀಲಿ ಯಾರದೋ ಕೈಗೆ ಸಿಕ್ಕಿ, ಅವನು ಡೇಟಾವನ್ನೂ ಬ್ಯಾಕಪ್ಪನ್ನೂ ಬಹುಪಾಲು ಅಳಿಸಿದ್ದರಿಂದ.

ಐದನೆಯದನ್ನು ಬೇಗ ಮುಗಿಸುತ್ತೇನೆ. ‘ಈಗ ಕಾನೂನೇ ಕ್ಲೌಡ್ ಕೇಳುತ್ತದೆ.’ ಕೇಳುವುದಿಲ್ಲ. 2022ರಲ್ಲಿ ತಿದ್ದಿದ ಕಂಪನಿ ಲೆಕ್ಕಪತ್ರ ನಿಯಮ ಹೇಳುವುದು, ಪುಸ್ತಕದ ನಕಲು ಭಾರತದೊಳಗಿನ ಸರ್ವರ್‌ನಲ್ಲಿ ದಿನಾ ಇರಬೇಕು ಎಂದು. ಅದು ಕಂಪನಿಗಳಿಗೆ, ನಮ್ಮ ಮಂಡಿಗಳಲ್ಲಿ ಹೆಚ್ಚಿನವು ಪಾಲುದಾರಿಕೆ ಸಂಸ್ಥೆಗಳು. ಜಿಎಸ್‌ಟಿ ಕಾಯ್ದೆ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ದಾಖಲೆ ಇಡು ಎನ್ನುತ್ತದೆ, ಬಾಡಿಗೆಯ ಯಂತ್ರದಲ್ಲಿ ಇಡು ಎನ್ನುವುದಿಲ್ಲ. ಬದಲಿಗೆ, ಮೂರನೆಯ ವರ್ಷ ಬಾಡಿಗೆ ನಿಲ್ಲಿಸಿದರೆ ಮಿಕ್ಕ ತಿಂಗಳುಗಳ ದಾಖಲೆ ಯಾರ ಬಳಿ ಇರುತ್ತದೆ ಎಂದು ಅವರನ್ನೇ ಕೇಳಿ.

ಆರನೆಯದು ವರ್ತಕರ ಮಗ ಹೇಳಿದ್ದು: ಜಗತ್ತೆಲ್ಲ ಕ್ಲೌಡ್‌ಗೆ ಹೋಗುತ್ತಿದೆ, ನಾಳೆ ವ್ಯಾಪಾರ ಹತ್ತು ಪಟ್ಟು ಬೆಳೆದರೆ? ಹುಡುಗ ಬುದ್ಧಿವಂತ, ಅವನ ಕಂಪನಿಗೆ ಆ ಮಾತು ಸರಿ. ದೀಪಾವಳಿ ರಾತ್ರಿ ಲಕ್ಷ ಜನ ಒಟ್ಟಿಗೆ ನುಗ್ಗುವ ಆ್ಯಪ್‌ಗೆ, ಐದು ಊರಲ್ಲಿ ಶಾಖೆ ಇರುವ ಅಂಗಡಿಗೆ ನಾನೇ ಕ್ಲೌಡ್ ಹಾಕಿಕೊಟ್ಟಿದ್ದೇನೆ. ಆದರೆ ಅಡಿಕೆ ರಾತ್ರೋರಾತ್ರಿ ಹತ್ತು ಪಟ್ಟು ಬೆಳೆಯುವುದಿಲ್ಲ. ಸಸಿ ನೆಟ್ಟು ಐದಾರು ವರ್ಷ ಕಾಯಬೇಕು. ಅಷ್ಟು ಹೊತ್ತಿಗೆ ಬೇಕೆನಿಸಿದರೆ ದೊಡ್ಡ ಸರ್ವರ್ ಕೊಳ್ಳಬಹುದು. ಇನ್ನು ಜಗತ್ತೆಲ್ಲ ಎಂದರೆ, ಬೇಸ್‌ಕ್ಯಾಂಪ್ ಮಾಡುವ 37ಸಿಗ್ನಲ್ಸ್ ಕಂಪನಿಯೂ ಜಗತ್ತಿನೊಳಗೇ ಇದೆ. 2022ರಲ್ಲಿ ಕ್ಲೌಡ್‌ಗೆ 32 ಲಕ್ಷ ಡಾಲರ್ ತೆತ್ತ ಮೇಲೆ ಅವರು ಸ್ವಂತ ಸರ್ವರ್ ಕೊಂಡು ಹೊರನಡೆದರು. ಅವರು ಹೊರಟರೆಂದು ಎಲ್ಲರೂ ಹೊರಡಬೇಕು ಎನ್ನುತ್ತಿಲ್ಲ. ‘ಎಲ್ಲರೂ ಹೋಗುತ್ತಿದ್ದಾರೆ’ ಎಂಬುದನ್ನು ವಾದವೆಂದು ಒಪ್ಪಿದರೆ, ಹೊರಬಂದವರನ್ನೂ ಎಣಿಸಬೇಕಾಗುತ್ತದೆ ಎನ್ನುತ್ತಿದ್ದೇನೆ.

ಕೊನೆಯದು ವಾದವಲ್ಲ, ಆರೋಪ: ಎಲ್ಲ ಕ್ಲೌಡ್‌ಗೆ ಹೋದರೆ ಇವನ ಅನ್ನಕ್ಕೆ ಕಲ್ಲು, ಅದಕ್ಕೇ ಹೀಗೆ ಹೇಳುತ್ತಾನೆ. ಸ್ವಾರ್ಥವಿದ್ದವನ ಮಾತು ಸುಳ್ಳೆಂದಾದರೆ ಮೊದಲು ಬೀಳುವುದು ಕಮಿಷನ್ ತಿನ್ನುವವರ ಮಾತು. ಅದಿರಲಿ, ಕ್ಲೌಡ್ ಮಾರುವವರ ಆಫೀಸಿಗೆ ಆಮೇಲೆ ಒಂದು ಕೇಬಲ್ ಕೊಡಲು ಹೋಗಿದ್ದೆ. ಅವರ ಸ್ವಂತ ಲೆಕ್ಕ ಎಲ್ಲಿದೆ ಗೊತ್ತೇ? ಮೇಜಿನ ಕೆಳಗಿನ ಹಳೇ ಡೆಸ್ಕ್‌ಟಾಪಿನಲ್ಲಿ. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ‘ನಮ್ಮದು ಸಣ್ಣ ವ್ಯವಹಾರ, ಇಷ್ಟು ಸಾಕು’ ಎಂದರು. ನಕಲು ತೆಗೆಯುತ್ತೀರಾ ಎಂದೆ. ಮೌನ. ಬರುವಾಗ ಒಂದು ಪೆನ್‌ಡ್ರೈವ್ ಕೊಟ್ಟು, ದಿನಾ ರಾತ್ರಿ ಹೇಗೆ ತೆಗೆಯಬೇಕೆಂದು ತೋರಿಸಿ ಬಂದೆ. ಅದಕ್ಕೆ ಬಿಲ್ ಹಾಕಿಲ್ಲ.