ನಕಾಶೆಯಲ್ಲಿ ಯಾರ ಮನೆ ಕಾಣಬೇಕು?

2025ನೆಯ ಇಸವಿ ಫೆಬ್ರವರಿ 5ನೆಯ ತಾರೀಖು ಅಮೆರಿಕಾದ ಸೈನಿಕ ವಿಮಾನವೊಂದು 104 ಮಂದಿ ಭಾರತೀಯರನ್ನು ಅಮೃತಸರದಲ್ಲಿ ತಂದು ಇಳಿಸಿದುದನ್ನೂ, ಗಂಡಸರ ಕೈಕಾಲುಗಳಿಗೆ ದಾರಿಯುದ್ದಕ್ಕೂ ಸಂಕೋಲೆ ತೊಡಿಸಿದ್ದುದನ್ನೂ ವಾಚಕರು ಮರೆತಿರಲಾರರು. ಅವರಲ್ಲಿ ಬಹುಮಂದಿ ಅಪ್ಪಣೆಯಿಲ್ಲದೆ ಆ ದೇಶವನ್ನು ಹೊಕ್ಕವರೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ತನ್ನ ಗಡಿಯನ್ನು ಕಾಯುವ ಅಧಿಕಾರವು ಪ್ರತಿಯೊಂದು ರಾಜ್ಯಕ್ಕೂ ಉಂಟು. ಆದರೆ ತಪ್ಪು ಮಾಡಿದವನಿಗೂ ವಕೀಲನ ನೆರವು, ನ್ಯಾಯಸ್ಥಾನದ ವಿಚಾರಣೆ, ಮನುಷ್ಯನಿಗೆ ತಕ್ಕ ಮರ್ಯಾದೆ ಇವು ದೊರೆಯಲೇಬೇಕು. ಈ ಹಕ್ಕುಗಳಿಗಾಗಿ ಅಮೆರಿಕಾದಲ್ಲಿಯೇ ದುಡಿಯುತ್ತಿರುವ ಸಂಘಗಳು ಕೈಗೆತ್ತಿಕೊಂಡಿರುವ ಸಾಧನಗಳಲ್ಲಿ ಇಂಟರ್ನೆಟ್ಟಿನ ನಕಾಶೆಯು ಒಂದು. ಈ ಸಾಧನವು ಬಡವನನ್ನು ಕಾಯುವುದೋ, ಹಿಡಿದುಕೊಡುವುದೋ ಎಂಬುದೇ ನಮ್ಮ ಪ್ರಶ್ನೆ.

ನಕಾಶೆಯಿಂದಾಗುವ ಉಪಕಾರವು ಅಲ್ಪವಲ್ಲ. ಅರಿಜೋನಾ ಪ್ರಾಂತದ ಮರುಭೂಮಿಯಲ್ಲಿ ಬಿಸಿಲಿಗೂ ನೀರಡಿಕೆಗೂ ಸಿಕ್ಕಿ ಸತ್ತ ವಲಸೆಗಾರರ ದೇಹಗಳು ದೊರೆತ ಒಂದೊಂದು ಸ್ಥಳವನ್ನೂ ಪೀಮಾ ಕೌಂಟಿಯ ಮರಣವಿಚಾರಣೆಯ ವೈದ್ಯಾಧಿಕಾರಿಗಳೂ 'ಹ್ಯೂಮೇನ್ ಬಾರ್ಡರ್ಸ್' ಎಂಬ ಸೇವಾಸಂಘವೂ ಕೂಡಿ 2013ರಿಂದ ಲೋಕದ ಮುಂದೆ ಗುರುತು ಮಾಡಿ ಇಟ್ಟಿದ್ದಾರೆ. ಆ ಚುಕ್ಕೆಗಳು ನಾಲ್ಕು ಸಾವಿರವನ್ನು ಮೀರಿವೆ. ಪಟ್ಟಣಗಳ ಬಳಿಯ ದಾರಿಗಳನ್ನು ಬಿಗಿಮಾಡಿ ಜನರನ್ನು ಮರುಭೂಮಿಯ ಕಡೆಗೆ ತಿರುಗಿಸಿದ 1994ರ ನೀತಿಯ ಫಲವೇನೆಂಬುದನ್ನು ಅವು ನೂರು ಭಾಷಣಗಳಿಗಿಂತ ಸ್ಪಷ್ಟವಾಗಿ ಹೇಳುತ್ತವೆ. ಇದೇ ಸಂಘದವರು ನಮ್ಮ ಅರವಟ್ಟಿಗೆಗಳಂತೆ ಆ ಮರುಭೂಮಿಯಲ್ಲಿ ನೀರಿನ ಪೀಪಾಯಿಗಳನ್ನೂ ಇಡುತ್ತಾರೆ.

ಇನ್ನೊಂದು ಉದಾಹರಣೆಯನ್ನು ನೋಡೋಣ. ಅಮೆರಿಕಾದ ವಲಸೆ ಕಾನೂನಿಗೆ 1996ರಲ್ಲಿ ಸೇರಿದ 287(ಜಿ) ಎಂಬ ಕಲಮಿನ ಪ್ರಕಾರ ಸ್ಥಳಿಕ ಪೊಲೀಸರೂ ಒಪ್ಪಂದ ಮಾಡಿಕೊಂಡು ವಲಸೆ ಅಧಿಕಾರಿಗಳ ಕೆಲಸವನ್ನು ನಡೆಸಬಹುದು. 2025ರ ಆದಿಯಲ್ಲಿ ಸುಮಾರು 135 ಇದ್ದ ಇಂತಹ ಒಪ್ಪಂದಗಳು ಆ ವರ್ಷ ಮುಗಿಯುವುದರೊಳಗೆ ಸಾವಿರವನ್ನು ದಾಟಿದವು. ಎಲ್ಲೆಲ್ಲಿಯ ಪೊಲೀಸರು ಸಹಿ ಹಾಕಿದ್ದಾರೆಂಬುದನ್ನು 'ಇಮಿಗ್ರಂಟ್ ಲೀಗಲ್ ರಿಸೋರ್ಸ್ ಸೆಂಟರ್' ಎಂಬ ಸಂಸ್ಥೆಯು ನಕಾಶೆಯಲ್ಲಿ ತೋರಿಸುತ್ತದೆ.

ಈ ಎರಡು ನಕಾಶೆಗಳಿಗೂ ಸಮಾನವಾದ ಗುಣವೊಂದುಂಟು. ಮೊದಲನೆಯದರಲ್ಲಿ ಕಾಣುವವರು ಇನ್ನು ಯಾರೂ ಹಿಡಿಯಲಾರದ ಮೃತರು. ಎರಡನೆಯದರಲ್ಲಿ ಕಾಣುವುದು ಪ್ರಜೆಗಳಿಗೆ ಉತ್ತರ ಹೇಳತಕ್ಕ ಅಧಿಕಾರ. ಬದುಕಿರುವ ಬಡಪಾಯಿಯ ಮನೆ ಎರಡರಲ್ಲಿಯೂ ಇಲ್ಲ. ಇದೇ ಸರಿಯಾದ ಧರ್ಮವೆಂದು ನಮ್ಮ ಅಭಿಪ್ರಾಯ.

ಈ ಧರ್ಮವು ತಪ್ಪಿದರೆ ಏನಾಗುವುದೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಹಾಲೆಂಡ್ ದೇಶವು ಜರ್ಮನರ ವಶದಲ್ಲಿದ್ದಾಗ, 1941ರ ಮೇ ತಿಂಗಳಲ್ಲಿ, ಆಮ್ಸ್ಟರ್‌ಡ್ಯಾಮ್ ಪೌರಸಭೆಯ ಕಚೇರಿಯವರು ಜರ್ಮನ್ ಅಧಿಕಾರಿಗಳ ಅಪ್ಪಣೆಯ ಮೇರೆಗೆ ಒಂದು ನಕಾಶೆಯನ್ನು ಬರೆದುಕೊಟ್ಟರು. ಅದರಲ್ಲಿ ಒಂದು ಚುಕ್ಕೆಯೆಂದರೆ ಹತ್ತು ಮಂದಿ ಯೆಹೂದ್ಯರು. ಯಾರ ಹೆಸರೂ ಅಲ್ಲಿರಲಿಲ್ಲ. ಬರೆದವರು ಕ್ರೂರಿಗಳಲ್ಲ, ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ಮುಗಿಸುವ ಗುಮಾಸ್ತರು. ಆದರೂ ಯಾವ ಬೀದಿಗೆ ನುಗ್ಗಬೇಕೆಂಬುದನ್ನು ತಿಳಿಯುವುದಕ್ಕೆ ಹೆಸರಿಲ್ಲದ ಚುಕ್ಕೆಗಳೇ ಸಾಕು. ಹೆಸರುಗಳಾದರೋ ಜನಸಂಖ್ಯೆಯ ದಫ್ತರದಲ್ಲಿದ್ದವು. ಆ ದೇಶದ ಸುಮಾರು 1,40,000 ಯೆಹೂದ್ಯರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹತರಾದರು. 1943ರ ಮಾರ್ಚ್ 27ರಂದು ಕೆಲವರು ದೇಶಭಕ್ತರು ಜೀವದ ಹಂಗು ತೊರೆದು ಆ ದಫ್ತರಕ್ಕೆ ಬೆಂಕಿಯಿಟ್ಟರು. ಸುಟ್ಟುದು ಸ್ವಲ್ಪ ಪಾಲು, ಉಳಿದುದೇ ಹೆಚ್ಚು. ಸಿಕ್ಕಿಬಿದ್ದವರಲ್ಲಿ 12 ಮಂದಿಯನ್ನು ಜುಲೈ 1ರಂದು ಗುಂಡಿಟ್ಟು ಕೊಂದರು. ಬರೆದಿಟ್ಟುದನ್ನು ಅಳಿಸುವುದಕ್ಕೆ ಪ್ರಾಣವನ್ನೇ ತೆರಬೇಕಾಯಿತು; ಬರೆಯದೆ ಇದ್ದಿದ್ದರೆ ಏನನ್ನೂ ತೆರಬೇಕಾಗಿರಲಿಲ್ಲ.

ಇಂದಿನ ನಕಾಶೆಯಲ್ಲಿ ಅಪಾಯವು ಇನ್ನೂ ಒಂದು ಮೆಟ್ಟಲು ಮುಂದೆ ಹೋಗಿದೆ. ಕಾಗದದ ನಕಾಶೆಯು ತನ್ನನ್ನು ಯಾರು ನೋಡಿದರೆಂಬುದನ್ನು ಅರಿಯದು. ಇಂಟರ್ನೆಟ್ಟಿನ ನಕಾಶೆಯು ಅರಿಯುತ್ತದೆ. ನಾವು ಮೊಬೈಲಿನಲ್ಲಿ ನಕಾಶೆಯನ್ನು ತೆರೆದಾಗ ಅದು ಚಿಕ್ಕ ಚಿಕ್ಕ ಚೌಕಗಳಾಗಿ ಸರ್ವರ್ ಎಂಬ ದೂರದ ಯಂತ್ರದಿಂದ ಬರುತ್ತದೆ. ಒಂದೊಂದು ಚೌಕವನ್ನು ತರಿಸುವಾಗಲೂ ನಮ್ಮ ಯಂತ್ರದ ವಿಳಾಸ, ನಾವು ನೋಡುತ್ತಿರುವ ಊರು, ನೋಡಿದ ಹೊತ್ತು ಇವು ಸರ್ವರಿನ ಒಡೆಯನಿಗೆ ತಿಳಿಯುತ್ತವೆ. ಉಚಿತ ಕಾನೂನು ಸಲಹೆ ಎಲ್ಲಿ ದೊರೆಯುವುದೆಂದು ರಾತ್ರಿ ಹುಡುಕಿದ ತಾಯಿಯೊಬ್ಬಳ ಭಯವು ಹೀಗೆ ಯಾವುದೋ ಕಂಪೆನಿಯ ದಾಖಲೆಯಲ್ಲಿ ಸೇರಿಕೊಳ್ಳುತ್ತದೆ. ಒಬ್ಬನ ದೀರ್ಘಕಾಲದ ಸಂಚಾರದ ದಾಖಲೆಯನ್ನು ದೂರವಾಣಿ ಕಂಪೆನಿಗಳಿಂದ ವಾರಂಟಿಲ್ಲದೆ ಕೇಳಿ ಪಡೆಯಕೂಡದೆಂದು ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. ಆದರೆ ಅಲ್ಲಿಯ ಗಡಿ ಮತ್ತು ವಲಸೆ ಇಲಾಖೆಗಳು ಮೊಬೈಲುಗಳ ಸ್ಥಳವಿವರಗಳನ್ನು ವ್ಯಾಪಾರಿಗಳಿಂದ ಕ್ರಯಕ್ಕೆ ಕೊಂಡವೆಂಬುದು 2020ರಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಕೇಳಿದರೆ ವಾರಂಟು ಬೇಕಂತೆ, ಕೊಂಡರೆ ರಸೀದಿ ಸಾಕಂತೆ!

ಹೀಗಿರುವಲ್ಲಿ ಮಾಡತಕ್ಕದ್ದೇನು? ಇದಕ್ಕೆ ಉಪಾಯವು ಸಿದ್ಧವಾಗಿಯೇ ಇದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಆರಂಭಿಸಿದ 'ಓಪನ್‌ಸ್ಟ್ರೀಟ್‌ಮ್ಯಾಪ್' ಎಂಬುದು ಲೋಕದ ಸ್ವಯಂಸೇವಕರೆಲ್ಲ ಕೂಡಿ ಬರೆಯುತ್ತಿರುವ ಭೂಪಟ. ಅದನ್ನು ಯಾರು ಬೇಕಾದರೂ ಪ್ರತಿಮಾಡಿಕೊಳ್ಳಬಹುದು. ಅದನ್ನು ಪರದೆಯ ಮೇಲೆ ತೋರಿಸುವುದಕ್ಕೆ ಉಕ್ರೇನಿನ ವ್ಲಾದಿಮಿರ್ ಅಗಾಫೊನ್ಕಿನ್ ಅವರು 2011ರಲ್ಲಿ ಹೊರತಂದ 'ಲೀಫ್‌ಲೆಟ್' ಮುಂತಾದ ಓಪನ್ ಸೋರ್ಸ್ ಸಾಧನಗಳುಂಟು. ಓಪನ್ ಸೋರ್ಸ್ ಎಂದರೆ ಒಳಗಿನ ಯಂತ್ರಸೂತ್ರವನ್ನು ಬಲ್ಲವರು ಬಿಚ್ಚಿ ನೋಡಬಹುದಾದುದು. ಮುಚ್ಚಿದ ಪೆಟ್ಟಿಗೆಯ ವಿಷಯದಲ್ಲಿ ಒಡೆಯನ ಮಾತನ್ನು ನಂಬುವುದೊಂದೇ ಗತಿ. ತೆರೆದ ಪೆಟ್ಟಿಗೆಯನ್ನು ಪರೀಕ್ಷಿಸಬಹುದು.

ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಸಾಧನವು ತೆರೆದುದೆಂದಮಾತ್ರಕ್ಕೆ ಗುಟ್ಟು ಉಳಿಯಿತೆಂದು ತಿಳಿಯಕೂಡದು. ಚೌಕಗಳು ಅನ್ಯರ ಸರ್ವರಿನಿಂದಲೇ ಬರುತ್ತಿದ್ದರೆ ಅವರಿಗೆ ನೋಡಿದವನ ಗುರುತು ಸಿಕ್ಕೇ ಸಿಗುತ್ತದೆ. ಆದುದರಿಂದ ಬೇಕಾದ ಪ್ರದೇಶದ ನಕಾಶೆಯನ್ನು ಸಂಘದವರು ತಮ್ಮ ಸ್ವಂತ ಸರ್ವರಿನಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ನೋಡಿದವರ ದಾಖಲೆಯನ್ನು ಇಡಕೂಡದು. ನೋಡುವವನು ಇರುವ ಸ್ಥಳವನ್ನು ಕೇಳಕೂಡದು. ಅಂಕಿಗಳನ್ನು ತೋರಿಸುವಾಗ ಬೀದಿಯ ಲೆಕ್ಕವನ್ನು ಬಿಟ್ಟು ಜಿಲ್ಲೆಯ ಲೆಕ್ಕವನ್ನು ಮಾತ್ರ ಕೊಡತಕ್ಕದ್ದು. ಅಂಕಿಯು ತೀರ ಚಿಕ್ಕದಾದಲ್ಲಿ ಅದನ್ನೂ ಕೈಬಿಡತಕ್ಕದ್ದು. ಇದರಿಂದ ಖರ್ಚೂ ಶ್ರಮವೂ ಹೆಚ್ಚುವುದು ನಿಜ. ಆದರೆ ಇಲ್ಲದ ಕಡತವನ್ನು ಯಾವ ಸಮನ್ಸೂ ತರಿಸಲಾರದು, ಯಾವ ಕಳ್ಳನೂ ಕದಿಯಲಾರನು.

ಇದು ಅಪರಾಧಿಗಳನ್ನು ಮರೆಮಾಡುವ ಯುಕ್ತಿಯೆಂದು ಅಧಿಕಾರಿಗಳಲ್ಲಿ ಕೆಲವರು ಹೇಳಬಹುದು. ಅಪರಾಧಿಯನ್ನು ಹುಡುಕುವುದಕ್ಕೆ ಪೊಲೀಸರೂ ನ್ಯಾಯಾಧೀಶರೂ ಇದ್ದಾರೆ. ಆ ಕೆಲಸವನ್ನು ಅನ್ನ ನೀರು ಕಾನೂನುಸಲಹೆ ಕೊಡುವ ಸಂಘವು ತನಗರಿಯದೆ ಮಾಡಿದರೆ ಬೇಲಿಯೇ ಎದ್ದು ಹೊಲವನ್ನು ಮೇದಂತಾಗುವುದು.

ಭಾರತೀಯರಾದ ನಮಗೆ ಈ ಪಾಠವು ಹೊಸದಲ್ಲ. 1908ರ ಆಗಸ್ಟ್ 16ರಂದು ಜೋಹಾನ್ಸ್‌ಬರ್ಗಿನ ಮಸೀದಿಯೊಂದರ ಅಂಗಳದಲ್ಲಿ, ಗಾಂಧಿಯವರ ಮುಂದಾಳುತನದಲ್ಲಿ, ವಲಸೆಹೋಗಿದ್ದ ನಮ್ಮವರು ಎರಡು ಸಾವಿರಕ್ಕೂ ಹೆಚ್ಚು ರಿಜಿಸ್ಟ್ರೇಷನ್ ಪತ್ರಗಳನ್ನು ಬೆಂಕಿಗೆ ಹಾಕಿದರು. ಕೈಯಲ್ಲಿದ್ದ ಪತ್ರಗಳು ಬೂದಿಯಾದವು. ಸರಕಾರದ ದಫ್ತರದಲ್ಲಿದ್ದ ಬೆರಳಚ್ಚುಗಳು ಹಾಗೆಯೇ ಉಳಿದವು. ಇಂದು ಅಮೆರಿಕಾದಲ್ಲಿ ನೆಲಸಿರುವ ಕನ್ನಡಿಗರಲ್ಲಿ ಈ ಯಂತ್ರವಿದ್ಯೆಯನ್ನು ಬಲ್ಲವರು ಹಲವರಿದ್ದಾರೆ. ಕಷ್ಟದಲ್ಲಿರುವ ಪರದೇಶಸ್ಥರಿಗಾಗಿ ನಕಾಶೆಯನ್ನು ರಚಿಸುವ ಸಂದರ್ಭ ಬಂದರೆ, ಅದರಲ್ಲಿ ಏನನ್ನು ತೋರಿಸಬೇಕೆಂಬುದಕ್ಕಿಂತ ಮೊದಲು ಏನನ್ನು ಬರೆಯಲೇ ಕೂಡದೆಂಬುದನ್ನು ಅವರು ನಿಶ್ಚಯಿಸಿಕೊಳ್ಳಲಿ.